ಹೆಣ್ಣು ಅಳುವವರೆಗಿನ ಹಾಡು

ಮನೆಯಲ್ಲಿ ರೆಕಾರ್ಡಿಂಗ್ ಕೋಣೆ ಇದ್ದಷ್ಟು ಕಾಲ ನಾನು ನಮ್ಮ ಓಣಿಗೆಲ್ಲ ಕೆಟ್ಟವಳಾಗಿದ್ದೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಬೇಲಿಯ ಹತ್ತಿರ ಹೋಗಿ ಜಗಳ ಮಾಡುತ್ತಿದ್ದೆ. ಹೊಳೆಯಾಚೆಯ ಕಾಸರಕೋಡಿನಿಂದ ಮೀನು ತರುವವಳು ಗೇಟಿನ ಮುಂದೆ ಬಾಯಿ ತೆರೆಯುವ ಮೊದಲೇ ಓಡಿಹೋಗಿ ಕೈಮುಗಿಯುತ್ತಿದ್ದೆ. ನೆಂಟರು ಬಂದರೆ, ಚಪ್ಪಲಿ ಒಳಗೆ ತಂದರೂ ಚಿಂತೆಯಿಲ್ಲ, ಕೆಮ್ಮು ಹೊರಗೆ ಬಿಟ್ಟು ಬನ್ನಿ ಅನ್ನುತ್ತಿದ್ದೆ. ಇವಳ ಮನೆಯಲ್ಲಿ ಉಸಿರಾಡುವುದಕ್ಕೂ ಕೇಳಬೇಕು ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಕಿವಿ ನನ್ನದು ಬಲು ಚುರುಕು, ಸಿಟ್ಟು ಅದಕ್ಕಿಂತ ಚುರುಕು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಹೊನ್ನಾವರದಲ್ಲಿ ಇವರು, ಅಂದರೆ ನನ್ನ ಗಂಡ, ಮದುವೆ ಮುಂಜಿಗೆ ಮೈಕು ಮತ್ತು ಸ್ಪೀಕರ್ ಬಾಕ್ಸು ಬಾಡಿಗೆಗೆ ಕೊಡುತ್ತಿದ್ದರು. ಕುಮಟೆಯ ಒಂದು ಆರ್ಕೆಸ್ಟ್ರಾ ಒಡೆದುಹೋದಾಗ ಅವರ ಸೌಂಡ್ ಮಿಕ್ಸರ್ ನಮ್ಮ ಮನೆಗೆ ಬಂತು. ಭಟ್ಕಳದ ಪರಿಚಯದವರೊಬ್ಬರು ದುಬೈಯಿಂದ ಬರುವಾಗ ಟವೆಲ್ಲಿನಲ್ಲಿ ಸುತ್ತಿ ಒಂದು ಒಳ್ಳೆಯ ಮೈಕು ತಂದುಕೊಟ್ಟರು. ಅದು ಮದುವೆಮನೆಯ ಮೈಕಿನ ಜಾತಿಯದಲ್ಲ. ದೂರದ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೂ ಹಿಡಿಯುತ್ತಿತ್ತು. ಬಿಡಿಭಾಗ ಕೂಡಿಸಿ ಮಾಡಿಸಿದ ಕಂಪ್ಯೂಟರು, ಅದರೊಳಗೊಂದು ಸೌಂಡ್ ಕಾರ್ಡು, ಸಿ.ಡಿ. ಬರೆಯುವ ಡ್ರೈವು ಬಂದ ಮೇಲೆ ಹಿಂದಿನ ಕೋಣೆಯನ್ನು ಸ್ಟುಡಿಯೋ ಎಂದು ಕರೆಯತೊಡಗಿದೆವು.

ಕೋಣೆ ಎಂದರೆ ಅದು ಮೊದಲು ತೆಂಗಿನಕಾಯಿ ಹಾಕುವ ಕೋಣೆ. ಗೋಡೆಗೆಲ್ಲ ಹಳೆಯ ಹತ್ತಿ ಹಾಸಿಗೆ, ಅದರ ಮೇಲೆ ನಾರಿನ ಚಾಪೆ ಬಡಿದೆವು. ಉಸಿರು ನೇರವಾಗಿ ಬಡಿಯದಂತೆ ನನ್ನ ಕಸೂತಿ ರಿಂಗಿಗೆ ಹಳೆಯ ನೈಲಾನ್ ಸೀರೆಯ ತುಂಡು ಬಿಗಿದು ಮೈಕಿನ ಮುಂದೆ ಕಟ್ಟಿದೆ. ಫ್ಯಾನ್ ಹಾಕುವ ಹಾಗಿಲ್ಲ. ಟ್ಯೂಬ್‌ಲೈಟಿನ ಚೋಕ್ ಗುಂಯ್ ಅನ್ನುತ್ತದೆಂದು ಸಾದಾ ಬಲ್ಬು. ಕಂಪ್ಯೂಟರಿನ ಫ್ಯಾನೂ ಸದ್ದು ಮಾಡುತ್ತದೆಂದು ಅದನ್ನು ಪಕ್ಕದ ಕೋಣೆಯಲ್ಲಿಟ್ಟು, ಗೋಡೆಗೆ ತೂತು ಕೊರೆದು ವೈರು ಎಳೆದಿದ್ದೆವು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಸರಿಯಿಲ್ಲದೆ ಎಲ್ಲ ರೆಕಾರ್ಡಿಂಗಿನ ಅಡಿಯಲ್ಲೂ ಒಂದು ಗುಂಯ್‌ಕಾರ ಬರುತ್ತಿತ್ತು. ಅದಕ್ಕೆ ಬೆಳಿಗ್ಗೆ ತುಳಸಿಗೆ ನೀರು ಹೊಯ್ದ ಮೇಲೆ ಅರ್ಥಿಂಗ್ ಗುಂಡಿಗೂ ಒಂದು ಕೊಡ ನೀರು ಹೊಯ್ಯುತ್ತಿದ್ದೆ.

ಕರೆಂಟು ಹೋದರೆ ಯು.ಪಿ.ಎಸ್. ಕಾಲು ಗಂಟೆ ಎಳೆದರೆ ಪುಣ್ಯ. ಆದರೆ ಅದು ಕೀಂಯ್ ಕೀಂಯ್ ಎಂದು ಹುಯಿಲೆಬ್ಬಿಸಿ ಹಾಡನ್ನೇ ಕೆಡಿಸುತ್ತಿತ್ತು. ಇವರು ಅದರ ಹೊಟ್ಟೆ ಬಿಚ್ಚಿ ಸದ್ದು ಮಾಡುವ ಭಾಗವನ್ನು ಕಿತ್ತುಹಾಕಿದರು. ಕೋಣೆಯ ಬಲ್ಬೂ ಯು.ಪಿ.ಎಸ್.ನಿಂದಲೇ ಉರಿಯುತ್ತಿದ್ದುದರಿಂದ ಆಮೇಲೆ ಕರೆಂಟು ಹೋದದ್ದೇ ತಿಳಿಯದಾಯಿತು. ಅದಕ್ಕೊಂದು ಉಪಾಯ ಮಾಡಿ ಹಾಡುವ ಕೋಣೆಯ ಗೋಡೆಗೆ, ನೇರ ಲೈನಿನಿಂದ, ಸಣ್ಣ ಕೆಂಪು ಬಲ್ಬು ಸಿಕ್ಕಿಸಿದರು. ಅದು ಉರಿಯುತ್ತಿದ್ದರೆ ಕರೆಂಟು ಇದೆ, ಆರಿದರೆ ಇಲ್ಲ. ಸಾಮಾನೆಲ್ಲ ಇವರದು, ಕೇಳಿ ಸರಿ ತಪ್ಪು ಹೇಳುವ ಕೆಲಸ ನನ್ನದು. ಭಜನೆಯ ಮಂಡಳಿಗಳು, ರಿಕ್ಷಾದಲ್ಲಿ ಕಟ್ಟಿಕೊಂಡು ಹೋಗುವ ಪ್ರಚಾರ, ಶಾಲೆಯ ಪ್ರಾರ್ಥನೆ, ಬಂದದ್ದನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದೆವು.

ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಅಘನಾಶಿನಿಯ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಮತ್ತು ಮಗಳು ಬಂದರು. ಗದ್ದೆ, ತರಕಾರಿ ಮಾಡಿಕೊಂಡಿರುವವರು. ತಾಯಿಗೆ ಐವತ್ತೈದರ ಆಸುಪಾಸು. ಕುತ್ತಿಗೆಗೆ ಕರಿಮಣಿ, ಮೊಣಕೈಯ ಹತ್ತಿರದವರೆಗೆ ಗಾಜಿನ ಬಳೆ. ಮಾತೆಲ್ಲ ಮಗಳದೇ.

"ಅವ್ವಿಗೆ ಗಂಟ್ಲಲ್ಲಿ ಗಂಟು ಎದ್ದದೆ ಅಕ್ಕಾ. ಸೋಮವಾರ ದೊಡ್ಡಾಸ್ಪತ್ರೆಗೆ ಹೋಗೂದು. ಕೊಯ್ದು ತೆಗೆದ್ ಮೇಲೆ ಸ್ವರ ಬರೂದಿಲ್ಲ ಅಂದ್ರು ಡಾಕ್ಟ್ರು. ನನ್ ಮದ್ವೆ ಇದೇ ತಿಂಗ್ಳ ಕೊನೆಗೆ."

ವಿಷಯ ನಿಧಾನಕ್ಕೆ ತಿಳಿಯಿತು. ಅವರ ಕೇರಿಯಲ್ಲಿ ಹೆಣ್ಣು ಒಪ್ಪಿಸುವ ಹಾಡು ಹಾಡುತ್ತಿದ್ದವಳು ಈ ತಾಯಿ ಒಬ್ಬಳೇ. ಮದುವೆ ಮುಗಿದು ಹುಡುಗಿ ಗಂಡನ ಮನೆಗೆ ಹೊರಡುವಾಗ, ಅವಳ ಮಡಿಲಿಗೆ ಅಕ್ಕಿ ಕಾಯಿ ತುಂಬಿ, ಎದುರು ಕೂತು ಹಾಡಬೇಕು. ಕೇರಿಯ ಎಲ್ಲ ಹೆಣ್ಣುಮಕ್ಕಳನ್ನೂ ಹಾಗೆ ಹಾಡಿ ಕಳಿಸಿದವಳು ಸ್ವಂತ ಮಗಳ ಸರದಿ ಬರುವ ಹೊತ್ತಿಗೆ ಮೂಕಿಯಾಗಿ ನಿಲ್ಲಬೇಕಿತ್ತು. ಹಾಗಾಗದಿರಲಿ ಎಂದು ಇವತ್ತು ಹಾಡಿಟ್ಟು, ಅಂದು ಮದುವೆಯ ಮಂಟಪದಲ್ಲಿ ಹಾಕಿಸುವುದು ಎಂದು ಅವರು ನಿಶ್ಚಯಿಸಿಕೊಂಡು ಬಂದಿದ್ದರು. ಈ ಒಂದು ಹಾಡಿಗಾಗಿ ತಾಯಿ ಎಷ್ಟೋ ದಿನದಿಂದ ಮಾತು ಬಿಟ್ಟಿದ್ದಳು. ತೀರಾ ಬೇಕೆಂದರೆ ಪಿಸುಗುಡುತ್ತಿದ್ದಳು, ಅಷ್ಟೇ.

ಕೆಟ್ಟರೆ ಇನ್ನೊಮ್ಮೆ ಹಾಡಿ ಅನ್ನುವ ಮಾತೇ ಇಲ್ಲ. ಹೆದರಿಕೆಯಾದಾಗ ನನಗೆ ಬಾಯಿ ಜೋರಾಗುತ್ತದೆ. ಒಳಗೆ ಕರೆದು ಕೂರಿಸಿ, ಎಲ್ಲ ಹೆಂಗಸರಿಗೆ ಹೇಳುವ ಹಾಗೆ ಇವಳಿಗೂ ಹೇಳಿಬಿಟ್ಟೆ: "ಬಳೆ ಎಲ್ಲಾ ತೆಗೆದಿಡಿ, ಸಪ್ಪಳ ಆಗ್ತದೆ."

ತಾಯಿ ಎದ್ದು ನಿಂತಳು. ಪಿಸುಮಾತಿನಲ್ಲೇ, ಆದರೆ ಕೆನ್ನೆಗೆ ಹೊಡೆದ ಹಾಗೆ ಕೇಳಿದಳು: "ಬಳೆ ತೆಗೂಕೆ ನನ್ ಗಂಡ ಎಂತ ಸತ್ತಿದ್ನ?"

ಭಜನೆಗೆ ಬರುವ ಪೇಟೆಯ ಹೆಂಗಸರು ಸುಮ್ಮನೆ ಬಳೆ ಕಳಚಿಡುತ್ತಿದ್ದರು. ನಾನು ಅದೇ ರೂಢಿಯಲ್ಲಿದ್ದೆ. ಮಗಳ ಮದುವೆಯ ಹಾಡು ಹಾಡಲು ಬಂದವಳಿಗೆ ಹೇಳುವ ಮಾತೇ ಅದು? ಆಕೆ ಬಾಗಿಲ ತನಕ ಹೋಗಿಬಿಟ್ಟಿದ್ದಳು. ತಪ್ಪಾಯಿತು ಎಂದು ಕೈಹಿಡಿದುಕೊಂಡೆ. ಇವರು ಒಳಗಿಂದ ಮೆತ್ತನೆಯ ಎರಡು ಪಂಚೆಯ ತುಂಡು ತಂದರು. ಬಳೆಗಳ ಮೇಲೆ ಮಗಳೇ ಅದನ್ನು ಸುತ್ತಿ ಗಂಟು ಹಾಕಿದಳು. ಕೈ ಅಲ್ಲಾಡಿಸಿ ನೋಡಿದೆವು, ಸದ್ದಿಲ್ಲ. ತಾಯಿ ಮತ್ತೆ ಕೂತಳು.

ಮುಂದಿನ ತೊಡಕು ಸ್ವರದ ಮಟ್ಟ. ಹಾಡುವವರ ಸ್ವರ ಎಷ್ಟು ದೊಡ್ಡದು ಎಂದು ಮೊದಲೇ ಕೇಳಿ ಮಿಕ್ಸರಿನ ಗುಬುಟು ತಿರುಗಿಸಿಡಬೇಕು. ಕಡಿಮೆ ಇಟ್ಟರೆ ಗುಂಯ್‌ಕಾರದಲ್ಲಿ ಮುಳುಗುತ್ತದೆ. ಹೆಚ್ಚಿಟ್ಟರೆ ಮಿಕ್ಸರಿನ ಕೆಂಪು ದೀಪ ಹತ್ತಿ ಸ್ವರ ಹರಿದುಹೋಗುತ್ತದೆ. ಕ್ಯಾಸೆಟ್ಟಿನಲ್ಲಾದರೆ ಸ್ವಲ್ಪ ಸಹಿಸಿಕೊಳ್ಳಬಹುದು, ಕಂಪ್ಯೂಟರಿನಲ್ಲಿ ಹರಿದದ್ದು ಹರಿದದ್ದೇ. ಒಂದು ಸಾಲು ಹಾಡಿ ತೋರಿಸಿ ಎಂದೆ. ತಾಯಿ ತಲೆಯಲ್ಲಾಡಿಸಿದಳು. ಇದ್ದದ್ದೇ ಸ್ವಲ್ಪ, ಅದನ್ನು ಪರೀಕ್ಷೆಗೆ ಕೊಡಲಾರೆ ಎನ್ನುವ ಹಾಗಿತ್ತು ಆ ನೋಟ. ಕಾಯಿಲೆಯ ಗಂಟಲು, ಪಿಸುಮಾತಿನ ಹೆಂಗಸು. ಸ್ವರ ಸಣ್ಣದೇ ಇರಬೇಕು ಎಂದು ಅಂದಾಜು ಮಾಡಿ ಗುಬುಟು ತುಸು ಜಾಸ್ತಿಯೇ ತಿರುಗಿಸಿಟ್ಟೆ.

"ಎಷ್ಟು ಹೊತ್ತಿನ ಹಾಡು?" ಎಂದು ಇವರು ಕೇಳಿದರು.

"ಅದು ಹಾಡೋರ್ ಕೈಲಿಲ್ಲ," ಎಂದಳು ಮಗಳು. "ಹೆಣ್ಣು ಕಣ್ಣೀರ್ ಹಾಕೂವರೆಗೆ ಹೇಳೂದು. ಕಣ್ಣೀರ್ ಬಂತು ಅಂದ್ರೆ ಸೆರಗಲ್ಲಿ ಒರೆಸಿ ಮುಗ್ಸೂದು. ನಡುವೆ ಬಿಡೂಕಾಗ. ಮತ್ತೆ ಮೊದ್ಲಿಂದ ಹೇಳೂಕೂ ಆಗ."

ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಯಾವ ಹೆಣ್ಣು? ಮದುವಣಗಿತ್ತಿ ತನ್ನ ದಿನಕ್ಕೆ ಮೊದಲು ಈ ಹಾಡು ಕೇಳಬಾರದಂತೆ. ಅವಳನ್ನು ಅಂಗಳಕ್ಕೆ ಕಳಿಸುವುದೇ ಸರಿ. ಬರಿಯ ಮೈಕಿನ ಎದುರು ಹಾಡಬಹುದಲ್ಲ ಎಂದು ಮೆಲ್ಲಗೆ ಕೇಳಿದೆ. ತಾಯಿ ನನ್ನನ್ನೇ ದಿಟ್ಟಿಸಿ ನೋಡಿ, ಎದುರಿನ ಚಾಪೆ ತೋರಿಸಿದಳು.

"ನೀ ಕೂತ್ಕೊ ತಂಗಿ."

"ನಂಗೆ ಮದುವೆ ಆಗಿ ಎಷ್ಟೋ ವರ್ಷ ಆಯ್ತು."

"ನಿನ್ನ ಯಾರ್ ಹಾಡಿ ಕಳಿಸಿದ್ರು?"

ಯಾರೂ ಇಲ್ಲ ಎಂದೆ. ಹೇಳುವುದಕ್ಕೆ ನನಗೇನೂ ಸಂಕೋಚವಿರಲಿಲ್ಲ. ನನ್ನ ತವರು ಭಟ್ಕಳ. ಇವರ ಜಾತಿ ಬೇರೆ. ಮನೆಯಲ್ಲಿ ಒಪ್ಪಲಿಲ್ಲ, ನಾವು ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾದೆವು. ಚೀಲ ಹಿಡಿದು ಹೊರಟ ದಿನ ಅಪ್ಪ ಜಗಲಿಯಲ್ಲಿ ಬೆನ್ನು ಹಾಕಿ ಕೂತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಒಳಗಿಂದ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಮಗಳು ಹೋಗುವಾಗಲೂ ಪಾತ್ರೆ ತಿಕ್ಕುತ್ತಾ ಇದ್ದಾಳಲ್ಲ, ಎಂಥ ಕಲ್ಲು ಮನಸ್ಸು ಎಂದುಕೊಂಡು ಬಸ್ಸು ಹತ್ತಿದೆ. ಹೊನ್ನಾವರದಿಂದ ಭಟ್ಕಳ ಏನು ದೂರ? ಆದರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದಕ್ಕಾಗಿ ಅಳಲೂ ಇಲ್ಲ. ಅಳುವುದಿಲ್ಲ ಎಂದು ಹಟ ತೊಟ್ಟವಳು ನಾನು.

"ಹಂಗಾರೆ ನಿಂದು ಬಾಕಿ ಉಳ್ದದೆ," ಎಂದು ಪಿಸುಗುಟ್ಟಿ ತಾಯಿ ತನ್ನ ಚೀಲದಿಂದ ಅಕ್ಕಿ, ಕಾಯಿ, ವೀಳ್ಯದೆಲೆ ತೆಗೆದಳು.

ಮಗಳು ಅಂಗಳಕ್ಕೆ ಹೋದಳು. ಮೀನಿನವಳನ್ನು, ಕೋಳಿಗಳನ್ನು, ಹಾರ್ನ್ ಹೊಡೆಯುವ ರಿಕ್ಷಾಗಳನ್ನು ತಡೆಯುವ ಕೆಲಸ ಆ ಮದುವಣಗಿತ್ತಿಯದಾಯಿತು. ಇವರು ಪಕ್ಕದ ಕೋಣೆಯ ಕಂಪ್ಯೂಟರಿನ ಮುಂದೆ ಕೂತರು. ನಾನು ಹೆಡ್‌ಫೋನ್ ಹಾಕಿಕೊಂಡು ಚಾಪೆಯ ಮೇಲೆ ಕೂತೆ. ಮೈಕು ನಮ್ಮಿಬ್ಬರ ನಡುವೆ ಒಂದು ಪಕ್ಕಕ್ಕಿತ್ತು. ಮಿಕ್ಸರ್ ನನ್ನ ಬಲಗೈಗೆ ಸಿಗುವ ಹಾಗೆ ಸ್ಟೂಲಿನ ಮೇಲಿತ್ತು. ಆದರೆ ತಾಯಿ ನನ್ನ ಮಡಿಲಿಗೆ ಅಕ್ಕಿ ಕಾಯಿ ತುಂಬಿ, ಸೆರಗಿನ ತುದಿಗಳನ್ನು ನನ್ನ ಎರಡೂ ಕೈಗೆ ಹಿಡಿಸಿಬಿಟ್ಟಳು. ಹಾಡು ಮುಗಿಯುವವರೆಗೆ ಆ ಕೈ ಬಿಡುವ ಹಾಗಿಲ್ಲ, ಒಂದು ಕಾಳೂ ಚೆಲ್ಲುವ ಹಾಗಿಲ್ಲ. ಗುಬುಟು ತಿರುಗಿಸುವ ಕೈಗಳೆರಡೂ ಕಟ್ಟಿಹೋದವು ಎಂದು ತಿಳಿಯುವಷ್ಟರಲ್ಲಿ ಆಕೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡಿದ್ದಳು.

ಸ್ವರ ಬಂತು. ನಾನು ಅಂದಾಜು ಮಾಡಿದ ಸಣ್ಣ ಸ್ವರವಲ್ಲ ಅದು. ಗದ್ದೆಯ ಆಚೆ ದಂಡೆಯವರನ್ನು ಕರೆಯುವ ಸ್ವರ. ಮಿಕ್ಸರಿನ ಹಸಿರು ದೀಪ ದಾಟಿ, ಹಳದಿ ದಾಟಿ, ಕೆಂಪು ಮಿಣಕ್ ಎಂದಿತು. ಇನ್ನೂ ಒಂದು ಎಳೆ ಏರಿದರೆ ಹರಿಯುತ್ತದೆ. ಕೈ ಬಿಟ್ಟರೆ ಅಕ್ಕಿ ಚೆಲ್ಲುತ್ತದೆ. ಗಾಬರಿಯಲ್ಲಿ ಕೂತಲ್ಲೇ ಮೈಕಿನಿಂದ ಓರೆಯಾಗಿ ತುಸು ಹಿಂದೆ ಸರಿದೆ. ಆಗ ಒಂದು ವಿಚಿತ್ರ ಕಂಡಿತು. ಆಕೆ ಕಣ್ಣು ತೆರೆದು, ಮುಖವನ್ನು ನಾನು ಸರಿದ ಕಡೆಗೆ ತಿರುಗಿಸಿದಳು. ಬಾಯಿ ಮೈಕಿನಿಂದ ದೂರವಾಯಿತು, ಕೆಂಪು ಆರಿತು. ಆಕೆಗೆ ಮೈಕಿನ ಗೊಡವೆಯೇ ಇರಲಿಲ್ಲ. ಹಾಡುತ್ತಿದ್ದದ್ದು ನನಗೆ.

ನನಗೊಂದು ದಾರಿ ಸಿಕ್ಕಿತು. ಸ್ವರ ಏರಿದಾಗ ಚಾಪೆಯ ಮೇಲೆ ಕುಂಡೆ ಎಳೆಯುತ್ತ ಹಿಂದಕ್ಕೆ, ಇಳಿದಾಗ ಮುಂದಕ್ಕೆ. ಹೆಡ್‌ಫೋನಿನಲ್ಲಿ ಕೇಳುತ್ತಾ, ದೀಪ ನೋಡುತ್ತಾ, ಅಕ್ಕಿ ಹಿಡಿದುಕೊಂಡು ಹೀಗೇ ಸರಿಯುತ್ತಾ ಇದ್ದೆ. ಕೋಣೆಯೊಳಗೆ ಬೇಯುವ ಸೆಕೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಲು ಕೈಯಿಲ್ಲ. ಹಾಡಿನಲ್ಲಿ ಹಿತ್ತಲ ಬಸಳೆ ಚಪ್ಪರ ಬಂತು, ನೀರು ಕೊಡುವವರಿಲ್ಲದೆ ಬಾಡಿತು. ಕರು ಬಂತು, ಹುಲ್ಲು ಮುಟ್ಟದೆ ನಿಂತಿತು. ಹುಡುಗಿ ಮಲಗುತ್ತಿದ್ದ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಎಲ್ಲ ಚೆನ್ನಾಗಿತ್ತು. ನನ್ನ ಕಣ್ಣು ಮಾತ್ರ ಒಣಗಿದ ಹಾಗೇ ಇತ್ತು. ನಾನು ಹಾಡು ಕೇಳುತ್ತಲೇ ಇರಲಿಲ್ಲವಲ್ಲ, ಸದ್ದು ಕೇಳುತ್ತಿದ್ದೆ.

ಆಗಲೇ ಗೋಡೆಯ ಸಣ್ಣ ಕೆಂಪು ಬಲ್ಬು ಆರಿತು.

ಕರೆಂಟು ಹೋಗಿತ್ತು. ಇನ್ನು ಕಾಲು ಗಂಟೆಯ ಹಿಡಿತ, ಅದೂ ಯು.ಪಿ.ಎಸ್. ಮರ್ಜಿ. ಇವರು ಬಾಗಿಲನ್ನು ಸದ್ದಿಲ್ಲದೆ ಸಂದಿ ಮಾಡಿ ಒಂದು ಕೈ ಒಳಗೆ ಚಾಚಿ ಐದೂ ಬೆರಳು ತೋರಿಸಿದರು. ಸ್ವಲ್ಪ ಹೊತ್ತಿಗೆ ಒಂದು ಬೆರಳು ಮಡಚಿದರು. ಬ್ಯಾಟರಿ ಇಳಿಯುತ್ತಿದೆ ಎಂದು ಅರ್ಥ. ಕಂಪ್ಯೂಟರು ನಡುವೆ ಆರಿದರೆ ಅಷ್ಟೂ ಹೊತ್ತಿನ ಹಾಡು ಅದರಲ್ಲಿ ಉಳಿಯುತ್ತದೋ ಇಲ್ಲವೋ ದೇವರೇ ಬಲ್ಲ. ಅಳು, ಅಳು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿದರೆ ಅಳು ಬರುತ್ತದೆಯೇ? ಸಿಟ್ಟು ಬಂತು. ಕರೆಂಟಿನ ಮೇಲೆ, ಆ ಹಾಳು ರೂಢಿಯ ಮೇಲೆ, ಬೇಕಾದಾಗ ಒಂದು ಹನಿ ಕೊಡದ ನನ್ನ ಕಣ್ಣಿನ ಮೇಲೆ.

ಅಷ್ಟರಲ್ಲಿ ಆಕೆಯ ಸ್ವರ ಸೀಳತೊಡಗಿತು. ಸಾಲಿನ ಕೊನೆ ಕೊನೆಗೆ ಗಾಳಿ ಮಾತ್ರ ಬರುತ್ತಿತ್ತು. ಹಳದಿ ದೀಪ ಹೋಗಿ ಹಸಿರೂ ಒಂದೊಂದಾಗಿ ಇಳಿಯಿತು. ಸ್ವರ ಮೈಕಿಗೆ ಸಿಗಬೇಕಾದರೆ ನಾನೇ ಮೈಕಿನ ಹತ್ತಿರ ಹೋಗಬೇಕು. ಸರಿದೆ, ಇನ್ನೂ ಸರಿದೆ. ಕೊನೆಗೆ ನನ್ನ ಗಲ್ಲ ಮೈಕಿಗೆ ತಾಗುವಷ್ಟು ಹತ್ತಿರ ಬಂದೆ. ಆಕೆಯೂ ನನ್ನತ್ತ ಬಾಗಿದ್ದಳು. ಆ ಗಂಟಲಿನ ನೋವು ಅವಳ ಹಣೆಯ ನರದಲ್ಲಿ ಕಾಣುತ್ತಿತ್ತು. ಬಾಗಿಲ ಸಂದಿಯಲ್ಲಿ ಇವರ ಎರಡೇ ಬೆರಳು ಉಳಿದಿದ್ದವು.

ಆಗ ಹಾಡಿನಲ್ಲಿ ಹುಡುಗಿ ಹೊಸ್ತಿಲು ದಾಟಿದಳು. ತಿರುಗಿ ನೋಡಿದಳು. ಅಣ್ಣ ಬಂದ, ಅತ್ತಿಗೆ ಬಂದಳು, ಕೇರಿಯವರೆಲ್ಲ ಬಂದರು. ಹೆತ್ತವಳು ಮಾತ್ರ ಬರಲಿಲ್ಲ. ಕಳಿಸುವುದನ್ನು ನೋಡಲಾರದೆ ಅವಳು ಬಾಗಿಲ ಹಿಂದೆ ನಿಂತಿದ್ದಳು.

"ಮೋರೆ ಕಾಣ್ಲಿಲ್ಲ, ಬಳೆಯ ದನಿ ಕೇಳಿತು ಮಗಳೆ..."

ಬಳೆಯ ದನಿ. ಭಟ್ಕಳದ ಆ ಅಡುಗೆಮನೆಯಲ್ಲಿ ಆ ಹೊತ್ತಿನಲ್ಲಿ ತಿಕ್ಕುವುದಕ್ಕೆ ಯಾವ ಪಾತ್ರೆ ಇತ್ತು? ನೀರಿನ ಸದ್ದು ಕೇಳಿತ್ತೇ? ಇಲ್ಲ. ಬೂದಿಯ ಕರಕರ ಕೇಳಿತ್ತೇ? ಇಲ್ಲ. ಹಲ್ಲಿಯ ಸದ್ದು ಬಿಡದ ಈ ಕಿವಿಗೆ ಅಂದು ಕೇಳಿಸಿದ್ದು ಬಳೆ ಮಾತ್ರ, ಬಾಗಿಲಿಗೆ ತೀರಾ ಹತ್ತಿರದಲ್ಲಿ. ಅಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ.

ಅಳು ಎಲ್ಲಿಂದ ಬಂತೋ, ತಡೆಯಲಾಗಲಿಲ್ಲ. ಕಣ್ಣೀರು ಮಾತ್ರ ಬಂದಿದ್ದರೆ ಸಾಕಿತ್ತು, ಬಿಕ್ಕು ಬಂತು. ಮೈಕಿನ ಬಾಯಲ್ಲೇ ಬಿಕ್ಕಿದೆ. ಕೆಂಪು ದೀಪ ಝಗ್ ಎಂದು ಹತ್ತಿತು. ಆಕೆ ಕೊನೆಯ ಸಾಲನ್ನು ಗಾಳಿಯಂಥ ಸ್ವರದಲ್ಲಿ ಮುಗಿಸಿ, ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. "ಆತು," ಎಂದು ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಇವರು ಎಲ್ಲವನ್ನೂ ಉಳಿಸಿ ಕಂಪ್ಯೂಟರ್ ಆರಿಸಿದರು. ಉಳಿದದ್ದೇ ದೊಡ್ಡದು.

ತಾಯಿ ಮಗಳು ಮಧ್ಯಾಹ್ನದ ಬಸ್ಸಿಗೆ ಹೋದರು. ಕರೆಂಟು ಬಂದ ಮೇಲೆ ಇಬ್ಬರೂ ಕೂತು ಕೇಳಿದೆವು. ಪರದೆಯ ಮೇಲೆ ಹಾಡಿನ ಗೆರೆ ಸಣ್ಣದಾಗುತ್ತಾ ಹೋಗಿ, ಕೊನೆಯಲ್ಲಿ ನನ್ನ ಬಿಕ್ಕು ಗೋಪುರದ ಹಾಗೆ ಎದ್ದು ನಿಂತಿತ್ತು. ಅದರ ಅಡಿಯಲ್ಲೇ ಆಕೆಯ ಕೊನೆಯ ಮಾತಿತ್ತು, ಮಗಳೆ ಎನ್ನುವುದು.

"ಕತ್ತರಿಸಲಾ?" ಎಂದರು ಇವರು. "ಕತ್ತರಿಸಿದ್ರೆ ಅವರದ್ದೂ ಹೋಗ್ತದೆ."

ಯಾವ ಕೆಮ್ಮನ್ನೂ ಉಳಿಸದವಳು ನಾನು. ಬೇಡ, ಹಾಗೇ ಇರಲಿ ಎಂದೆ.

ಮದುವೆ ಕುಮಟೆಯ ಒಂದು ಕಲ್ಯಾಣಮಂಟಪದಲ್ಲಿ. ಬಾಕ್ಸು ನಮ್ಮದೇ. ತಾಯಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಆಪರೇಷನ್ ಚೆನ್ನಾಗಿ ಆಗಿತ್ತು, ಸ್ವರ ಹೋಗಿತ್ತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಮಗಳ ಮಡಿಲು ತುಂಬಿ ತಾಯಿ ಎದುರು ಕೂತಳು. ಇವರು ಸಿ.ಡಿ. ಹಾಕಿದರು. ಗದ್ದೆಯ ಆಚೆಯವರನ್ನು ಕರೆಯುವ ಆ ಸ್ವರ ಮಂಟಪದ ತುಂಬ ಎದ್ದಿತು. ಮಗಳು ಮೊದಲ ಸಾಲಿಗೇ ಹನಿಗಣ್ಣಾದಳು.

ಹೆಣ್ಣು ಅತ್ತ ಮೇಲೆ ಹಾಡು ನಿಲ್ಲಬೇಕಲ್ಲ. ಇವರ ಕೈ ಗುಂಡಿಯ ಹತ್ತಿರ ಹೋಯಿತು. ತಾಯಿ ಅಲ್ಲಿಂದಲೇ ಬೇಡ ಎಂದು ಕೈಸನ್ನೆ ಮಾಡಿದಳು. ಹಾಡು ನಡೆಯಿತು. ಬಸಳೆ, ಕರು, ಚಾಪೆ, ಹೊಸ್ತಿಲು ಎಲ್ಲ ಬಂದವು. ನಾನು ಬಾಕ್ಸಿನ ಹಿಂದೆ ನಿಂತು ಸೀರೆಯ ಅಂಚನ್ನು ಮುದ್ದೆ ಮಾಡುತ್ತಿದ್ದೆ, ಓಡಿಹೋಗುವುದಕ್ಕೆ ಜಾಗ ಹುಡುಕುತ್ತಿದ್ದೆ. ಬಳೆಯ ಸಾಲು ಬಂತು. ಬೆನ್ನಿಗೇ ಬಿಕ್ಕು, ಇಡೀ ಮಂಟಪಕ್ಕೆ ಕೇಳುವಷ್ಟು ದೊಡ್ಡದಾಗಿ. ತಾಯಿ ಸೆರಗಿನಿಂದ ಮಗಳ ಮುಖ ಒರೆಸಿದಳು.

ಗಂಡಿನ ಕಡೆಯ ಒಬ್ಬ ಹೆಂಗಸು ಮಗಳ ಬಳಿ ಬಾಗಿ ಕೇಳಿದಳು: "ಅತ್ತದ್ದು ಯಾರೇ? ನಿಮ್ಮವ್ವಿಗೆ ನೀ ಒಬ್ಳೇ ಅಲ್ದ ಮಗ್ಳು?"

ಮಗಳು ತಾಯಿಯ ಮುಖ ನೋಡಿದಳು. ಅಂದು ಅವಳು ಅಂಗಳದಲ್ಲಿ ಕೋಳಿ ಓಡಿಸುತ್ತಿದ್ದಳು. ತಾಯಿ ಎದ್ದು, ತಟ್ಟೆ ಹಿಡಿದು, ಜನರನ್ನು ಸರಿಸಿಕೊಂಡು ಬಾಕ್ಸಿನ ಹಿಂದೆ ನಾನು ನಿಂತಲ್ಲಿಗೇ ಬಂದಳು. ಅದೇ ಸೆರಗನ್ನು ನನ್ನ ಮುಖಕ್ಕೂ ಒತ್ತಿದಳು. ಆಮೇಲೆ ಆ ಹೆಂಗಸಿನ ಕಡೆಗೆ ತಿರುಗಿ, ಬಳೆ ತುಂಬಿದ ಕೈ ಎತ್ತಿ, ಎರಡು ಬೆರಳು ತೋರಿಸಿದಳು.